ಡಾಕ್ಟರ್ ಮರಿಯಾ ಮಾಂಟೆಸೊರಿಯವರ ಜೀವನ ಚರಿತ್ರೆ

ಈ ಸ್ಮರಣ ಸಂಚಿಕೆಗೆ ಓರ್ವ ಮಹನೀಯ ಸ್ತ್ರೀಯ ಚರಿತ್ರೆಯನ್ನು ಬರೆದುಕೊಡಬೇಕೆಂದು ನಮ್ಮನ್ನು ಕೇಳಿದಾಗ, ನೈಟಿಂಗೇಲ್ ಅಮ್ಮನವರ ಹೆಸರೂ ಪಂಡಿತಾ ರಮಾಬಾಯಿಯವರ ಹೆಸರೂ ಮೊದಲು ನೆನಪಿಗೆ ಬಂದುವು. ಆದರೆ ಅವರಿಬ್ಬರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಪಾಠವಾಗಿಯೇ ಓದಿರುತ್ತಾರೆ. ಈಗ ಅವರಲ್ಲಿ ಅನೇಕರು ತಾಯಂದಿರಾಗಿ, ಚಿತ್ರದುರ್ಗದ ಪೇಟೆಯಿಂದಲೂ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದಲೂ ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಶಾಲೆಯನ್ನು ನೋಡಲು ಬರುತ್ತಾರೆ. ಬಂದವರಲ್ಲಿ ಹಲವರು ಹೇಳಿಕೊಳ್ಳುವ ಮಾತು ಒಂದೇ. ಕೂಸಿಗೆ ಎರಡು ವರುಷ. ಒಂದು ಡಬ್ಬಿಯ ಮುಚ್ಚಳ ಕೂಡದಿದ್ದರೆ ಎಸೆದು ಅಳುತ್ತದೆ, ಅಳುವನ್ನು ಕೇಳಲಾರದೆ ತಾವೇ ಮುಚ್ಚಳ ಹಾಕಿಕೊಡುತ್ತೇವೆ, ಇಲ್ಲವೇ ಕೈಗೆ ಮೊಬೈಲು ಕೊಟ್ಟು ಸುಮ್ಮನಿರಿಸುತ್ತೇವೆ. ಇಂಥ ಕೂಸಿಗೆ ಹಿಡಿದ ಕೆಲಸವನ್ನು ಬಿಡದಿರುವ ಗುಣ ಹೇಗೆ ಬಂದೀತು? ಈ ಪ್ರಶ್ನೆಗೆ ತನ್ನ ಆಯುಷ್ಯವನ್ನೆಲ್ಲಾ ಧಾರೆಯೆರೆದ ಸ್ತ್ರೀಯೊಬ್ಬರ ಕಥೆಯನ್ನೇ ಹೇಳುವುದು ಲೇಸೆಂದು ನಮಗೆ ತೋರಿತು.

ಇಟಲಿ ದೇಶದ ಪೂರ್ವ ಭಾಗದಲ್ಲಿ ಕಿಯಾರವಾಲ್ಲೆ ಎಂಬ ಚಿಕ್ಕ ಊರಿನಲ್ಲಿ 1870ನೆಯ ಇಸವಿ ಆಗಸ್ಟ್ 31ನೆಯ ತಾರೀಖು ಮರಿಯಾ ಮಾಂಟೆಸೊರಿಯವರು ಹುಟ್ಟಿದರು. ತಂದೆ ಅಲೆಸ್ಸಾಂದ್ರೊ ಸರಕಾರಿ ನೌಕರರು, ಹಳೆಯ ರೀತಿನೀತಿಗಳ ಮನುಷ್ಯರು. ತಾಯಿ ರೆನಿಲ್ಡೆಯವರು ಓದು ಬಲ್ಲವರು. ಮಗಳ ಪಕ್ಷವನ್ನು ವಹಿಸುವುದರಲ್ಲಿ ಎಂದೂ ಹಿಂದೆಗೆಯದವರು. ಸಂಸಾರವು ರೋಮ್ ನಗರಕ್ಕೆ ಬಂದು ನೆಲೆಸಿದ ಮೇಲೆ ಹುಡುಗಿಯು ಗಂಡುಮಕ್ಕಳ ತಾಂತ್ರಿಕ ಶಾಲೆಯನ್ನು ಸೇರಿ ಇಂಜಿನಿಯರಾಗುವೆನೆಂದು ಹಟ ಹಿಡಿದಳು. ಕೆಲವು ವರುಷಗಳ ತರುವಾಯ ಮನಸ್ಸು ವೈದ್ಯವಿದ್ಯೆಯ ಕಡೆಗೆ ತಿರುಗಿತು. ಹೆಣ್ಣುಮಕ್ಕಳಿಗೆ ಉಪಾಧ್ಯಾಯಿನಿಯ ಕೆಲಸವೇ ತಕ್ಕದ್ದೆಂದು ತಂದೆಯ ಅಭಿಪ್ರಾಯ. ಮಗಳಾದರೋ ಆ ಒಂದು ಕೆಲಸವನ್ನು ಮಾತ್ರ ಮಾಡೆನೆಂದು ಹೇಳುತ್ತಿದ್ದಳಂತೆ! ಲೋಕದ ಉಪಾಧ್ಯಾಯಿನಿಯರಿಗೆಲ್ಲಾ ಗುರುವಾಗಬೇಕಾದವಳ ಬಾಯಿಂದ ಬಂದ ಈ ಮಾತನ್ನು ನೆನೆದಾಗಲೆಲ್ಲಾ ನಮಗೆ ನಗು ಬರುತ್ತದೆ.

ರೋಮ್ ವಿಶ್ವವಿದ್ಯಾನಿಲಯದ ವೈದ್ಯ ವಿಭಾಗದಲ್ಲಿ ಆಗ ಹೆಂಗಸರು ತೀರ ಅಪರೂಪ. ಗಂಡಸರೊಡನೆ ನಿಂತು ಹೆಣವನ್ನು ಕೊಯ್ದು ನೋಡುವುದು ಹೆಣ್ಣಿಗೆ ಸಲ್ಲದೆಂಬ ಕಾರಣದಿಂದ, ಉಳಿದವರೆಲ್ಲರೂ ಮನೆಗೆ ಹೋದ ಮೇಲೆ ಸಾಯಂಕಾಲದಲ್ಲಿ ಒಬ್ಬರೇ ಆ ಕೊಠಡಿಯಲ್ಲಿ ಕುಳಿತು ಕಲಿಯಬೇಕಾಯಿತು. ಅವರ ಚರಿತ್ರಕಾರರು ಹೇಳುವ ಪ್ರಸಂಗವೊಂದುಂಟು. ಒಂದು ದಿನ ಇನ್ನು ಸಾಕು, ಈ ವಿದ್ಯೆಯೇ ಬೇಡವೆಂದು ನಿಶ್ಚಯಿಸಿ ಅವರು ಕಾಲೇಜನ್ನು ಬಿಟ್ಟು ಹೊರಟರು. ದಾರಿಯಲ್ಲಿ ಒಬ್ಬ ಭಿಕ್ಷುಕಿ. ಅವಳ ಬಳಿ ನೆಲದ ಮೇಲೆ ಕುಳಿತ ಸುಮಾರು ಎರಡು ವರುಷದ ಕೂಸು. ತಾಯಿ ಬೇಡುತ್ತಿದ್ದಾಳೆ, ಕೂಸಿಗೆ ಅದರ ಪರಿವೆಯೇ ಇಲ್ಲ. ಅದರ ಕೈಯಲ್ಲಿ ಒಂದು ಚೂರು ಬಣ್ಣದ ಕಾಗದವಿತ್ತು. ಅದನ್ನೇ ತಿರುವಿ ತಿರುವಿ ನೋಡುತ್ತಾ, ಲೋಕವನ್ನು ಮರೆತು, ಪರಮ ಸಂತೋಷದಲ್ಲಿತ್ತು. ಆ ನೋಟವು ಆಕೆಯ ಮನಸ್ಸಿನಲ್ಲಿ ಏನನ್ನು ಎಬ್ಬಿಸಿತೋ, ಅಲ್ಲಿಂದ ಹಾಗೆಯೇ ತಿರುಗಿ ಆ ಕೊಠಡಿಗೇ ಹೋದರಂತೆ. 1896ನೆಯ ಇಸವಿಯಲ್ಲಿ ಪದವಿಯು ಕೈಸೇರಿತು. ಇಟಲಿಯಲ್ಲಿ ಆ ಪದವಿಯನ್ನು ಪಡೆದ ಮೊದಲ ಕೆಲವು ಮಹಿಳೆಯರಲ್ಲಿ ಅವರೊಬ್ಬರು. ಅದೇ ವರುಷ ಬರ್ಲಿನ್ ಪಟ್ಟಣದಲ್ಲಿ ಕೂಡಿದ ಮಹಿಳಾ ಸಮ್ಮೇಳನಕ್ಕೆ ಹೋಗಿ, ಹೆಂಗಸರ ಕೆಲಸಕ್ಕೆ ಗಂಡಸರಷ್ಟೇ ಕೂಲಿ ಸಲ್ಲಬೇಕೆಂದು ವಾದಿಸಿದರು.

ವೈದ್ಯಳಾಗಿ ಅವರು ಮೊದಲು ಕಂಡದ್ದು ಬುದ್ಧಿಮಾಂದ್ಯವುಳ್ಳವೆಂದು ಹುಚ್ಚಾಸ್ಪತ್ರೆಗಳಿಗೆ ತಳ್ಳಲ್ಪಟ್ಟಿದ್ದ ಮಕ್ಕಳನ್ನು. ಆ ಮಕ್ಕಳ ಕೈಗೆ ಹಿಡಿಯಲು, ಜೋಡಿಸಲು, ತಿರುವಲು ಏನೊಂದೂ ಇರಲಿಲ್ಲ. ಈಟಾರ್, ಸೆಗ್ವಾನ್ ಎಂಬ ಇಬ್ಬರು ಫ್ರೆಂಚ್ ವೈದ್ಯರ ಗ್ರಂಥಗಳನ್ನು ಹುಡುಕಿ ಓದಿ, ಅವರು ತೋರಿಸಿದ ದಾರಿಯಲ್ಲಿ ಮರದ ತುಂಡುಗಳು, ಗುಂಡಿ ಹಾಕುವ ಚೌಕಟ್ಟುಗಳು ಮುಂತಾದ ಸಾಧನಗಳನ್ನು ಮಾಡಿಸಿದರು. 1900ನೆಯ ಇಸವಿಯಿಂದ ಎರಡು ವರುಷ ಒಂದು ವಿಶೇಷ ಶಾಲೆಯನ್ನು ನಡೆಸಿ ಹಗಲಿರುಳೂ ದುಡಿದರು. ಅಲ್ಲಿಯ ಮಕ್ಕಳಲ್ಲಿ ಕೆಲವರು ಸಾಮಾನ್ಯ ಶಾಲೆಯ ಮಕ್ಕಳ ಪರೀಕ್ಷೆಯಲ್ಲೇ ತೇರ್ಗಡೆಯಾದಾಗ ಜನರು ಬೆರಗಾದರು. ಅವರು ಮಾತ್ರ ಬೇರೊಂದನ್ನು ಚಿಂತಿಸಿದರು. ಇಷ್ಟು ಕೊರತೆಯುಳ್ಳ ಮಕ್ಕಳು ಇಷ್ಟು ಮುಂದೆ ಬಂದರೆ, ಯಾವ ಕೊರತೆಯೂ ಇಲ್ಲದ ಮಕ್ಕಳು ಇವರ ಸಮಕ್ಕೇ ನಿಂತಿರುವುದೇತಕ್ಕೆ? ಅವರನ್ನು ಯಾರು ತಡೆದಿದ್ದಾರೆ?

ಈ ನಡುವೆ ಆಕೆಯ ಸ್ವಂತ ಬಾಳಿನಲ್ಲಿ ಒಂದು ದೊಡ್ಡ ದುಃಖವು ಒದಗಿತ್ತು. 1898ನೆಯ ಇಸವಿ ಮಾರ್ಚ್ 31ನೆಯ ತಾರೀಖು ಆಕೆಗೆ ಮರಿಯೊ ಎಂಬ ಗಂಡುಮಗು ಹುಟ್ಟಿತು. ಸಹೋದ್ಯೋಗಿಯಾಗಿದ್ದ ವೈದ್ಯ ಮೊಂತೆಸಾನೊ ಎಂಬವರು ತಂದೆ, ವಿವಾಹವು ನಡೆಯಲಿಲ್ಲ. ಆ ಕಾಲದ ಲೋಕಾಪವಾದಕ್ಕೆ ಅಂಜಿ ಮಗುವನ್ನು ಹಳ್ಳಿಯ ಸಂಸಾರವೊಂದರಲ್ಲಿ ಸಾಕಲು ಬಿಟ್ಟರು. ತಾಯಿಯು ಆಗಾಗ್ಗೆ ಹೋಗಿ ನೋಡುವಳು, ತಾನಾರೆಂದು ಹೇಳಲಾರಳು. ಇದನ್ನು ನಮ್ಮ ಸಂಚಿಕೆಯಲ್ಲಿ ಬರೆಯುವುದು ತರವೇ ಎಂದು ಕೇಳುವವರಿರಬಹುದು. ಮರೆಮಾಚಿ ಬರೆದ ಚರಿತ್ರೆಯು ಚರಿತ್ರೆಯಲ್ಲವೆಂದು ನಮ್ಮ ಅಭಿಪ್ರಾಯ. ಇತರರ ಕೂಸುಗಳ ನಡುವೆ ಗಂಟೆಗಟ್ಟಲೆ ಮೌನವಾಗಿ ಕುಳಿತು ನೋಡುತ್ತಿದ್ದ ಆ ಕಣ್ಣುಗಳು ತನ್ನ ಕೂಸು ಅಂಬೆಗಾಲಿಟ್ಟು ಬೆಳೆದುದನ್ನು ದಿನದಿನವೂ ಕಾಣಲಿಲ್ಲವೆಂಬುದನ್ನು ಅರಿಯದೆ ಆಕೆಯ ಕೆಲಸವನ್ನು ಪೂರ್ತಿ ಅರಿಯಲಾಗದು.

1907ನೆಯ ಇಸವಿ ಜನವರಿ 6ನೆಯ ತಾರೀಖು, ಜ್ಞಾನಿಗಳು ಬಾಲಯೇಸುವಿನ ದರ್ಶನಕ್ಕೆ ಬಂದುದನ್ನು ಸ್ಮರಿಸುವ ಹಬ್ಬದ ದಿನ, ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಮಕ್ಕಳ ಮನೆಯೆಂಬುದು ಆರಂಭವಾಯಿತು. (ನಮ್ಮ ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ಮಾರಿಕಣಿವೆಯ ಅಣೆಕಟ್ಟು ಮುಗಿದುದೂ ಆ ವರುಷವೇ.) ಕಟ್ಟಡದ ಒಡೆಯರಿಗೆ ಬೇಕಾಗಿದ್ದುದು ಇಷ್ಟೇ: ತಂದೆತಾಯಿಗಳು ಕೂಲಿಗೆ ಹೋದಾಗ ಆರು ವರುಷದೊಳಗಿನ ಮಕ್ಕಳು ಮೆಟ್ಟಲುಗಳನ್ನೂ ಗೋಡೆಗಳನ್ನೂ ಹಾಳುಮಾಡದಿರಲಿ. ಐವತ್ತರಷ್ಟು ಮಕ್ಕಳು, ಅಳುವವು, ಹೆದರಿದವು, ಮಾತೇ ಆಡದವು. ನೋಡಿಕೊಳ್ಳಲು ತರಬೇತಿಯಿಲ್ಲದ ಒಬ್ಬ ಯುವತಿ. ಮಾಂಟೆಸೊರಿಯವರು ತಮ್ಮ ಸಾಧನಗಳನ್ನು ಅಲ್ಲಿಟ್ಟು, ಆ ಯುವತಿಗೆ ಹೆಚ್ಚೇನೂ ಕಟ್ಟಳೆ ಮಾಡದೆ, ನೋಡತೊಡಗಿದರು.

ಆಗ ಅವರು ಕಂಡದ್ದೇ ಈ ಚರಿತ್ರೆಯ ತಿರುಳು. ಸುಮಾರು ಮೂರು ವರುಷದ ಹೆಣ್ಣುಮಗುವೊಂದು ಉದ್ದನೆಯ ಮರದ ದಿಮ್ಮಿಯ ಮುಂದೆ ಕುಳಿತಿತ್ತು. ದಿಮ್ಮಿಯಲ್ಲಿ ಸಾಲಾಗಿ ಕುಳಿಗಳು. ಒಂದೊಂದು ಕುಳಿಗೂ ಒಂದೊಂದು ಅಳತೆಯ ಮರದ ಗುಂಡು. ಎಲ್ಲವನ್ನೂ ಹೊರಗೆ ತೆಗೆದು, ಬೆರಸಿ, ಮತ್ತೆ ಅದರದರ ಕುಳಿಗೆ ಇಡಬೇಕು. ಮಗುವು ಇಟ್ಟಿತು, ತೆಗೆಯಿತು, ಇಟ್ಟಿತು. ಮಾಂಟೆಸೊರಿಯವರು ಎಣಿಸತೊಡಗಿದರು. ಇದನ್ನು ಎಬ್ಬಿಸಲಾದೀತೇ ಎಂದು ಪರೀಕ್ಷಿಸಲು ಮಿಕ್ಕ ಮಕ್ಕಳನ್ನು ಹಾಡಿಸಿದರು, ಸುತ್ತಲೂ ಕುಣಿಸಿದರು, ಮಗುವು ತಲೆಯೆತ್ತಲಿಲ್ಲ. ಅದು ಕುಳಿತ ಕುರ್ಚಿಯನ್ನು ಹಾಗೆಯೇ ಎತ್ತಿ ಮೇಜಿನ ಮೇಲಿಟ್ಟರು; ಮಗುವು ತನ್ನ ಗುಂಡುಗಳನ್ನು ಬಾಚಿ ತೊಡೆಯ ಮೇಲೆ ಹಾಕಿಕೊಂಡು ಅಲ್ಲಿಯೇ ಮುಂದುವರಿಸಿತು. 40ಕ್ಕೂ ಹೆಚ್ಚು ಸಲ ಹೀಗೆ ಮಾಡಿ, ಒಳ್ಳೆಯ ನಿದ್ರೆಯಿಂದ ಎದ್ದಂತೆ ಸುತ್ತಲೂ ನೋಡಿ ಸಂತೋಷದಿಂದ ನಿಲ್ಲಿಸಿತು. ಯಾರೂ ಹೊಗಳಿರಲಿಲ್ಲ, ಯಾರೂ ಮಿಠಾಯಿ ಕೊಟ್ಟಿರಲಿಲ್ಲ. ಮೊದಲನೆಯ ಸಲ ಸರಿಯಾಗಿ ಇಟ್ಟಾಗಲೇ ನಿಲ್ಲಿಸಬಹುದಿತ್ತಲ್ಲವೇ? ಗುಂಡು ಕುಳಿಗೆ ಸೇರುವುದು ಆ ಮಗುವಿನ ಗುರಿಯಾಗಿರಲಿಲ್ಲ, ತನ್ನ ಕೈಯನ್ನೂ ಕಣ್ಣನ್ನೂ ತಾನೇ ಪಳಗಿಸಿಕೊಳ್ಳುವುದು ಅದರ ಗುರಿಯಾಗಿತ್ತೆಂದು ಅವರು ತಿಳಿದರು. ಚಿಕ್ಕಮಕ್ಕಳಿಗೆ ಮನಸ್ಸನ್ನು ಒಂದೆಡೆ ನಿಲ್ಲಿಸಲಾಗದೆಂಬ ಎಣಿಕೆಯನ್ನು ಅವರು ಅಂದಿಗೆ ಬಿಟ್ಟರು.

ಮಕ್ಕಳನ್ನು ಯಾರು ತಡೆದಿದ್ದಾರೆಂಬ ಹಿಂದಿನ ಪ್ರಶ್ನೆಗೂ ಅವರಿಗೆ ಉತ್ತರ ಸಿಕ್ಕಿತು. ಆ ಉತ್ತರವು ನಮಗೆ ಹಿತವಾದುದಲ್ಲ. ತಮ್ಮ ಮೊದಲ ದೊಡ್ಡ ಗ್ರಂಥದಲ್ಲಿ ಅವರು ಎರಡು ಪ್ರಸಂಗಗಳನ್ನು ಬರೆದಿದ್ದಾರೆ. ರೋಮಿನ ಪಿಂಚೊ ಉದ್ಯಾನದಲ್ಲಿ ಒಂದೂವರೆ ವರುಷದ ಕೂಸೊಂದು ಪುಟ್ಟ ಬಕೀಟಿಗೆ ಜಲ್ಲಿಯನ್ನು ತುಂಬುತ್ತಿತ್ತು. ಮನೆಗೆ ಹೋಗುವ ಹೊತ್ತಾಯಿತು. ದಾದಿಯು ಒಳ್ಳೆಯವಳು, ಕೂಸಿನ ಮೇಲೆ ಪ್ರೀತಿಯುಳ್ಳವಳು. ಬಾ ಎಂದು ಎಷ್ಟು ಕರೆದರೂ ಬಾರದಿರಲು, ತಾನೇ ಬಕೀಟನ್ನು ತುಂಬಿ, ಬಕೀಟನ್ನೂ ಕೂಸನ್ನೂ ಗಾಡಿಯಲ್ಲಿ ಕೂರಿಸಿದಳು. ಕೂಸು ಗಟ್ಟಿಯಾಗಿ ಅತ್ತಿತು. ಬಯಸಿದ್ದನ್ನು ಕೊಟ್ಟರೂ ಅಳುವುದೇಕೆಂದು ಅವಳಿಗೆ ತಿಳಿಯಲಿಲ್ಲ. ಕೂಸಿಗೆ ಬೇಕಾದುದು ತುಂಬಿದ ಬಕೀಟಲ್ಲ, ತುಂಬುವ ಕೆಲಸ. ಎರಡನೆಯದು ಇನ್ನೂ ಸಣ್ಣ ಸಂಗತಿ. ನೀರಿನ ಪಾತ್ರೆಯೊಂದರಲ್ಲಿ ತೇಲುವ ಬೊಂಬೆಗಳನ್ನು ಮಕ್ಕಳು ಮುತ್ತಿಕೊಂಡು ನೋಡುತ್ತಿದ್ದರು. ಎರಡೂವರೆ ವರುಷದ ಗಂಡುಮಗುವಿಗೆ ಸಂದಿಯೇ ಸಿಗಲಿಲ್ಲ. ನುಗ್ಗಿ ನೋಡಿತು, ಆಗಲಿಲ್ಲ. ನಿಂತು ಯೋಚಿಸಿತು. ದೂರದಲ್ಲಿದ್ದ ಪುಟ್ಟ ಕುರ್ಚಿಯನ್ನು ತಂದು ಅದರ ಮೇಲೆ ಹತ್ತೋಣವೆಂದು ಮುಖವನ್ನರಳಿಸಿ ಅತ್ತ ನಡೆಯಿತು. ಅಷ್ಟರಲ್ಲಿ ಉಪಾಧ್ಯಾಯಿನಿಯು ಕಂಡು ಅಯ್ಯೋ ಪಾಪವೆಂದು ಎತ್ತಿ ಹಿಡಿದು ಬೊಂಬೆಗಳನ್ನು ತೋರಿಸಿದಳು. ಮಗುವು ಬೊಂಬೆಗಳನ್ನು ಕಂಡಿತು. ಆದರೆ ಮುಖದ ಬೆಳಕು ಆರಿಹೋಯಿತು.

ಈ ಎರಡು ಪ್ರಸಂಗಗಳಲ್ಲಿಯೂ ಕೆಟ್ಟವರು ಯಾರೂ ಇಲ್ಲ. ಪ್ರೀತಿಯೇ ಅಡ್ಡ ಬಂದಿತು. ನಮ್ಮ ಸೀಮೆಯ ಮನೆಗಳಲ್ಲಿ ಅಜ್ಜಿ, ಅತ್ತೆ, ಚಿಕ್ಕಮ್ಮ, ಅಕ್ಕಂದಿರೆಂದು ಕೂಸಿಗೆ ಹತ್ತು ಕೈಗಳು ಆಸರೆ. ಅದು ದೊಡ್ಡ ಭಾಗ್ಯವೇ ಸರಿ. ಆದರೆ ಆ ಹತ್ತು ಕೈಗಳೂ ಒಮ್ಮೆಗೇ ಮುಂದೆ ಬಂದರೆ ಕೂಸಿನ ಎರಡು ಕೈಗಳಿಗೆ ಕೆಲಸವೆಲ್ಲಿ? ಈಗಿನ ಪಂಡಿತರೂ ಇದನ್ನು ಪರೀಕ್ಷಿಸಿದ್ದಾರೆ. ಅಮೇರಿಕಾದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ ಪರಿಶೋಧನೆಯಲ್ಲಿ, ಸುಮಾರು 15 ತಿಂಗಳ ಕೂಸುಗಳ ಮುಂದೆ ದೊಡ್ಡವರೊಬ್ಬರು ಡಬ್ಬಿಯೊಳಗಿನ ಆಟಿಕೆಯನ್ನು ತೆಗೆಯಲು ಹಲವು ಸಲ ಪ್ರಯತ್ನಿಸಿ ಕಡೆಗೆ ತೆಗೆದರು. ಬೇರೆ ಕೂಸುಗಳ ಮುಂದೆ ಸುಲಭವಾಗಿ ತೆಗೆದರು. ತರುವಾಯ ಒತ್ತಿದರೂ ಸದ್ದು ಮಾಡದ ಗುಂಡಿಯುಳ್ಳ ಆಟಿಕೆಯೊಂದನ್ನು ಕೂಸುಗಳಿಗೆ ಕೊಟ್ಟಾಗ, ದೊಡ್ಡವರ ಪ್ರಯತ್ನವನ್ನು ಕಂಡಿದ್ದ ಕೂಸುಗಳೇ ಹೆಚ್ಚು ಸಲ ಒತ್ತಿ ನೋಡಿದುವು. ಆದುದರಿಂದ ತಾಯಿಯು ಹಗ್ಗದ ಗಂಟನ್ನು ಬಿಚ್ಚಲು ಹೆಣಗುವುದನ್ನು ಕೂಸು ನೋಡಿದರೆ ನಷ್ಟವೇನೂ ಇಲ್ಲ.

ಮಾಂಟೆಸೊರಿಯವರ ಸಾಧನಗಳು ಬೆಲೆಯುಳ್ಳವು. ಪೇಟೆಯಿಂದ ಅವನ್ನು ತರಿಸಬೇಕೆಂದು ನಾವು ಹೇಳುತ್ತಿಲ್ಲ. ನಮ್ಮ ಅಡಿಗೆಯ ಮನೆಗಳಲ್ಲಿ ಸೇರು, ಅಚ್ಚೇರು, ಪಾವು, ಅರೆಪಾವು, ಚಟಾಕುಗಳು ಒಂದರೊಳಗೊಂದು ಕೂಡುತ್ತಿದ್ದುವು. ಅವು ಇನ್ನೂ ಅಟ್ಟದ ಮೇಲಿದ್ದರೆ ಇಳಿಸಿ, ತೊಳೆದು, ಎರಡು ವರುಷದ ಕೂಸಿನ ಮುಂದಿಡಿರಿ. ದೊಡ್ಡದು ಚಿಕ್ಕದರಲ್ಲಿ ಕೂಡುವುದಿಲ್ಲವೆಂಬುದನ್ನು ಪಾವೇ ಹೇಳುವುದು, ತಾಯಿ ಹೇಳಬೇಕಾಗಿಲ್ಲ. ಮಾಂಟೆಸೊರಿಯವರ ಮರದ ಗುಂಡುಗಳ ಗುಟ್ಟೂ ಇದೇ: ತಪ್ಪನ್ನು ವಸ್ತುವೇ ತೋರಿಸಬೇಕು, ಗದರಿಸುವ ಬಾಯಿ ಬೇಡ. ಹೊಸದುರ್ಗದ ತೋಟಗಳ ಕಡೆ ತೆಂಗಿನ ಕರಟಕ್ಕೆ ಬಡತನವಿಲ್ಲ. ನಯವಾಗಿ ಉಜ್ಜಿದ ಎರಡು ಕರಟಗಳೂ ಒಂದು ಬೋಗುಣಿ ನೀರೂ ಇದ್ದರೆ ಒಂದರಿಂದೊಂದಕ್ಕೆ ಸುರಿಯುತ್ತಾ ಕೂಸು ಬಹಳ ಹೊತ್ತು ಆಡೀತು, ನೆಲವೂ ನೆನೆದೀತು. ನೆನೆದ ನೆಲವನ್ನು ಒರಸಲು ಅದರ ಕೈಗೇ ಒಂದು ಅರಿವೆಯನ್ನು ಕೊಡಿರಿ, ಅದೂ ಆಟವೇ. ಬಡಗಿಯು ಮಾಡಿಕೊಡುವ ಮೂರು ಗಾಲಿಯ ನಡೆಗಾಡಿಯನ್ನು ಕೂಸು ಗೋಡೆಗೆ ತಾಗಿಸಿ ನಿಂತಾಗ ಓಡಿಹೋಗಿ ತಿರುಗಿಸಬೇಡಿರಿ. ಇಪ್ಪತ್ತು ಎಣಿಸುವಷ್ಟು ಹೊತ್ತು ತಡೆಯಿರಿ. ಹಲವು ಸಲ ಕೂಸೇ ದಾರಿ ಕಾಣುತ್ತದೆ. ಕಾಣದೆ ಬಳಲಿದರೆ ಹಿಡಿಯನ್ನು ಅರ್ಧ ತಿರುಗಿಸಿ, ಉಳಿದರ್ಧವನ್ನು ಅದಕ್ಕೇ ಬಿಡಿರಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿರಲಾರೆವು. ಹಿರಿಯೂರಿನ ಕಡೆಯ ಮನೆಗಳಲ್ಲಿ ಕಡಲೆಕಾಯಿ, ಹೊಳಲ್ಕೆರೆಯಲ್ಲಿ ಅಡಿಕೆ ರಾಶಿ ಬಿದ್ದಿರುತ್ತದೆ; ಎಣಿಸಲು, ಆರಿಸಲು ಚೆನ್ನೆಂದು ತೋರೀತು. ಮೂರು ವರುಷದೊಳಗಿನ ಕೂಸುಗಳಿಗೆ ಕಡಲೇಬೀಜ, ಅಡಿಕೆ, ಹುಣಿಸೇಬೀಜ, ಗುಂಡಿಗಳನ್ನು ಆಟಕ್ಕೆ ಕೊಡಕೂಡದು. ಬಾಯಿಗೆ ಹಾಕಿಕೊಂಡು ಉಸಿರುಕಟ್ಟುವ ಅಪಾಯವುಂಟು. ನೀರಾಟದ ಬಳಿಯಿಂದ ಕ್ಷಣವೂ ಕದಲಬಾರದು. ಬಕೀಟಿನಷ್ಟು ನೀರೇ ಸಾಕು ಅನಾಹುತಕ್ಕೆ. ಕೈ ಹಚ್ಚದಿರುವುದು ಬೇರೆ, ಕಣ್ಣು ತೆಗೆಯುವುದು ಬೇರೆ.

ಒಂದು ವಿಷಯದಲ್ಲಿ ನಾವು ಮಾಂಟೆಸೊರಿಯವರನ್ನು ಪೂರ್ತಿಯಾಗಿ ಒಪ್ಪಲಾರೆವು. ಮಕ್ಕಳು ಮಾಡುವುದನ್ನು ಆಟವೆನ್ನದೆ ಕೆಲಸವೆಂದೇ ಅವರು ಕರೆಯುತ್ತಿದ್ದರು. ಬೊಂಬೆಗಳನ್ನೂ ಕಟ್ಟುಕಥೆಗಳನ್ನೂ ಅಷ್ಟಾಗಿ ಮೆಚ್ಚಲಿಲ್ಲ. ಜೋಳದ ದಂಟಿನ ಬೆಂಡಿನಿಂದ ಎತ್ತಿನ ಗಾಡಿಯನ್ನು ಮಾಡಿ, ಮುರಿದು, ಮತ್ತೆ ಮಾಡುವ ನಮ್ಮ ಹಳ್ಳಿಯ ಹುಡುಗರನ್ನು ಅವರು ನೋಡಿದ್ದರೆ, ಕಲ್ಪನೆಯೂ ಪಟ್ಟುಹಿಡಿಯುವ ಗುಣವೂ ಒಂದೇ ಬಂಡಿಯಲ್ಲಿ ಕೂರಬಲ್ಲವೆಂದು ಒಪ್ಪುತ್ತಿದ್ದರೋ ಏನೋ.

ಮುಂದಿನ ವರುಷಗಳನ್ನು ಬೇಗನೆ ಹೇಳಿಬಿಡುತ್ತೇವೆ. 1909ರಲ್ಲಿ ಗ್ರಂಥವು ಅಚ್ಚಾಗಿ ಹಲವು ಭಾಷೆಗಳಿಗೆ ಹೋಯಿತು. 1912ರ ಕಡೆಯಲ್ಲಿ ತಾಯಿ ರೆನಿಲ್ಡೆಯವರು ತೀರಿಕೊಂಡರು. ಅದಾದ ಮೇಲೆ ಹದಿನೈದರ ಹರೆಯದ ಮರಿಯೊ ತಾಯಿಯ ಬಳಿಗೆ ಬಂದು ನಿಂತನು. ಆದರೂ ಲೋಕದ ಮುಂದೆ ಅವನು ಸೋದರಳಿಯನೆಂದೇ ಕರೆಸಿಕೊಳ್ಳಬೇಕಾಯಿತು. 1913ರಲ್ಲಿ ಅಮೇರಿಕಾ ಪ್ರವಾಸ; ತರುವಾಯ ಬಾರ್ಸಿಲೋನಾದಲ್ಲಿ ವಾಸ. ಇಟಲಿಯ ಸರ್ವಾಧಿಕಾರಿ ಮುಸ್ಸೋಲಿನಿಯು ಮೊದಲು ಆಕೆಯ ಶಾಲೆಗಳಿಗೆ ಆಶ್ರಯವನ್ನಿತ್ತನು, ಆಕೆಯೂ ಅದನ್ನು ಸ್ವೀಕರಿಸಿದರು. ಇದು ನಮಗೆ ಮೆಚ್ಚಿಕೆಯಾಗದ ಸಂಗತಿ. ಆದರೆ ಮಕ್ಕಳನ್ನು ಸಿಪಾಯಿಗಳಂತೆ ಕವಾಯತಿಗೆ ನಿಲ್ಲಿಸುವುದಕ್ಕೂ ಈ ಪದ್ಧತಿಗೂ ಕೂಡುವುದುಂಟೇ? 1934ರಲ್ಲಿ ಇಟಲಿಯ ಮಾಂಟೆಸೊರಿ ಶಾಲೆಗಳೆಲ್ಲಾ ಮುಚ್ಚಿದುವು. 1936ರಲ್ಲಿ ಸ್ಪೇನಿನ ಅಂತರ್ಯುದ್ಧದಿಂದ ಓಡಿ ಹಾಲೆಂಡಿನಲ್ಲಿ ನೆಲೆಸಿದರು.

ಅಷ್ಟರಲ್ಲಿ ಆಕೆಯ ವಿಚಾರಗಳು ನಮ್ಮ ದೇಶಕ್ಕೆ ಬಂದಿದ್ದುವು. ಗುಜರಾತಿನಲ್ಲಿ ವಕೀಲರಾಗಿದ್ದ ಗಿಜುಭಾಯಿ ಬಧೇಕಾ ಎಂಬವರು ಆ ಗ್ರಂಥವನ್ನೋದಿ, ವಕೀಲಿಯನ್ನು ಬಿಟ್ಟು, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದಿದ್ದರು. 1939ರ ಜೂನ್ ತಿಂಗಳಲ್ಲಿ ಅವರು ತೀರಿಕೊಂಡರು. ಅದೇ ವರುಷದ ನವೆಂಬರ್ ತಿಂಗಳಲ್ಲಿ ಮಾಂಟೆಸೊರಿಯವರು ಮದರಾಸಿಗೆ ಬಂದಿಳಿದರು. ಇಬ್ಬರೂ ಇಲ್ಲಿ ಕಲೆತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಅರುಂಡೇಲ್ ಮತ್ತು ರುಕ್ಮಿಣೀದೇವಿಯವರ ಆಹ್ವಾನದಂತೆ ಅಡ್ಯಾರಿನಲ್ಲಿ ಓಲೆಯ ಚಪ್ಪರಗಳ ಕೆಳಗೆ ಸುಮಾರು 300 ಮಂದಿ ಉಪಾಧ್ಯಾಯ ಉಪಾಧ್ಯಾಯಿನಿಯರಿಗೆ ಪಾಠವು ನಡೆಯಿತು. ಅರುವತ್ತೊಂಬತ್ತರ ಆ ವೃದ್ಧೆಯು ಇಟಾಲಿಯನ್ ಭಾಷೆಯಲ್ಲಿ ಹೇಳುವರು, ಪಕ್ಕದಲ್ಲಿ ಮರಿಯೊ ಇಂಗ್ಲೀಷಿನಲ್ಲಿ ಹೇಳುವನು. ಕೆಲವು ತಿಂಗಳುಗಳಿಗೆಂದು ಬಂದವರು ಸುಮಾರು ಏಳು ವರುಷ ನಿಲ್ಲಬೇಕಾಯಿತು. 1940ರ ಜೂನ್ ತಿಂಗಳಲ್ಲಿ ಇಟಲಿಯು ಯುದ್ಧಕ್ಕಿಳಿಯಲು, ಬ್ರಿಟಿಷ್ ಸರಕಾರವು ಇಬ್ಬರನ್ನೂ ಶತ್ರುದೇಶದವರೆಂದೆಣಿಸಿ, ಮರಿಯೊವನ್ನು ಸೆರೆಯ ಶಿಬಿರಕ್ಕೆ ಕಳುಹಿಸಿ, ಆಕೆಯನ್ನು ಅಡ್ಯಾರಿನಲ್ಲಿಯೇ ಇರಿಸಿತು. ಬಾಲ್ಯದಲ್ಲಿ ಅಗಲಿದ್ದವರು ಮುಪ್ಪಿನಲ್ಲಿ ಮತ್ತೆ ಅಗಲಿದರು. ಆ ಆಗಸ್ಟ್ 31ರಂದು ಆಕೆಯ ಎಪ್ಪತ್ತನೆಯ ಹುಟ್ಟುಹಬ್ಬ. ವೈಸರಾಯರು ತಂತಿಯ ಮೂಲಕ ಕಳುಹಿಸಿದ ಉಡುಗೊರೆಯೆಂದರೆ ಮರಿಯೊವಿನ ಬಿಡುಗಡೆ. ಆ ತಂತಿಯಲ್ಲಿ ಅವನನ್ನು ಸೋದರಳಿಯನೆನ್ನದೆ ಆಕೆಯ ಮಗನೆಂದೇ ಬರೆದಿತ್ತು. ನಲವತ್ತೆರಡು ವರುಷ ಬಾಯಲ್ಲಿ ಆಡಲಾರದ ಮಾತನ್ನು ಪರಸರಕಾರದ ತಂತಿಯು ಆಡಿತು.

ಯುದ್ಧದ ಕಾಲದಲ್ಲಿ ಕೊಡೈಕಾನಲ್ ಬೆಟ್ಟದ ಮೇಲೆ 1942ರಿಂದ ಎರಡು ವರುಷ ವಾಸವಾಗಿದ್ದರು. ಮೂರು ವರುಷದೊಳಗಿನ ಕೂಸುಗಳ ವಿಚಾರವು ಆಕೆಯ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಭಾರತದಲ್ಲಿಯೇ. ತಾಯಿಯ ಸೊಂಟದ ಮೇಲೆ ಸಂತೆ, ಹೊಲ, ಬಾವಿಕಟ್ಟೆಗಳಿಗೆಲ್ಲಾ ಹೋಗಿ ಲೋಕವನ್ನೆಲ್ಲಾ ಕಣ್ಣಿಂದ ಕುಡಿಯುವ ಕೂಸುಗಳು ಆಕೆಗೆ ಇಲ್ಲಿ ಹೇರಳವಾಗಿ ಕಂಡುವು. ಅಹಮದಾಬಾದಿನ ಉಪನ್ಯಾಸಗಳಿಂದ ಬೆಳೆದ ಗ್ರಂಥವು 1949ರಲ್ಲಿ ಮದರಾಸಿನಲ್ಲಿಯೇ ಅಚ್ಚಾಯಿತು. ಆಗತಾನೆ ನಡೆಯಲು ಕಲಿತ ಕೂಸು ಭಾರವಾದ ವಸ್ತುವನ್ನೇ ಆರಿಸಿ ಎತ್ತಿಕೊಂಡು ಹೋಗುವುದೆಂದೂ, ಮೆಟ್ಟಲನ್ನು ಕಂಡರೆ ಏರದೆ ಬಿಡದೆಂದೂ, ತನ್ನ ಬಲದ ಕೊನೆಯನ್ನು ಮುಟ್ಟಿ ನೋಡುವ ಆ ಬಯಕೆಯನ್ನು ದೊಡ್ಡವರು ತುಂಟತನವೆಂದು ತಿಳಿದು ತಡೆಯುವರೆಂದೂ ಅದರಲ್ಲಿ ವಿವರಿಸಿದ್ದಾರೆ. ಕೂಸು ಹೊಸ್ತಿಲು ದಾಟಿದ ದಿನ ಸಿಹಿಯಡಿಗೆ ಮಾಡುವ ಮನೆಗಳು ನಮ್ಮಲ್ಲುಂಟು. ಆ ವಾಡಿಕೆಯನ್ನು ಮಾಡಿದ ಹಿರಿಯರು ಇದನ್ನು ಬಲ್ಲವರಾಗಿದ್ದರೆಂದು ತೋರುತ್ತದೆ. ನಮ್ಮ ದೇಶದ ಸಾವಿರಕ್ಕೂ ಮಿಕ್ಕ ಉಪಾಧ್ಯಾಯರು ಆಕೆಯಿಂದ ನೇರವಾಗಿ ಕಲಿತರು. 1975ರ ಅಕ್ಟೋಬರ್ 2ರಂದು ಸರಕಾರವು ದೇಶದ 33 ಕಡೆಗಳಲ್ಲಿ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ, ನಮ್ಮ ನಾಡಿನ ಟಿ. ನರಸೀಪುರವೂ ಅವುಗಳಲ್ಲಿ ಒಂದಾಗಿತ್ತು. ಇಂದು ನಮ್ಮ ಹಳ್ಳಿಗಳಲ್ಲಿಯೂ ಕಾಣುವ ಅಂಗನವಾಡಿಗಳು ಆ ಯೋಜನೆಯವು.

1946ರಲ್ಲಿ ಯೂರೋಪಿಗೆ ಮರಳಿ, ಮತ್ತೆ 1947ರಲ್ಲಿ ಭಾರತಕ್ಕೆ ಬಂದು, 1949ರಲ್ಲಿ ಕಡೆಯ ಸಲ ಹೊರಟರು. 1952ನೆಯ ಇಸವಿ ಮೇ 6ನೆಯ ತಾರೀಖು ಹಾಲೆಂಡಿನ ಸಮುದ್ರ ತೀರದ ನೂರ್ಡ್‌ವೈಕ್ ಎಂಬ ಊರಿನಲ್ಲಿದ್ದರು. ಆಗ ವಯಸ್ಸು ಎಂಬತ್ತೊಂದು. ಆಫ್ರಿಕಾ ಖಂಡಕ್ಕೆ ಹೋಗಿ ಅಲ್ಲಿಯ ಉಪಾಧ್ಯಾಯರಿಗೆ ಪಾಠ ಹೇಳುವ ವಿಚಾರವನ್ನು ಮರಿಯೊವಿನೊಡನೆ ಮಾತನಾಡುತ್ತಿದ್ದರು. ಈ ವಯಸ್ಸಿನಲ್ಲಿ ಅಷ್ಟು ದೂರದ ಪ್ರಯಾಣವೇಕೆಂದು ಮಗನು ಹಿಂಜರಿದನು. ಸ್ವಲ್ಪ ಹೊತ್ತು ಹೊರಗೆ ಹೋಗಿ ಅವನು ಮರಳಿ ಬರುವಷ್ಟರಲ್ಲಿ ಆಕೆಯ ಪ್ರಾಣವು ಹೋಗಿತ್ತು. ಆ ಊರಿನ ಕಥೋಲಿಕ ಸ್ಮಶಾನದಲ್ಲಿ ಸಮಾಧಿಯಾಯಿತು. ಆಕೆಯು ಬರೆದಿಟ್ಟ ಮರಣಶಾಸನದಲ್ಲಿ ಮರಿಯೊ ತನ್ನ ಮಗನೆಂದು ಬರೆದಿತ್ತು. ಅವನು 1982ರವರೆಗೆ ಬದುಕಿದ್ದು, ತಾಯಿಯ ಕೆಲಸವನ್ನೇ ನಡೆಸಿಕೊಂಡು ಬಂದನು.